ಕಡಲಿನಿಂದ ಕನ್ನಂಬಾಡಿಗೆ: ಒಂದು ಫೈಬರ್ ದೋಣಿಯ ತಳಶುದ್ಧಿ ಮತ್ತು ದುರಸ್ತಿಯ ದಾಖಲೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ನಮ್ಮ ಶೆಡ್ಡಿನಲ್ಲಿ ಸಾಮಾನ್ಯವಾಗಿ ತಯಾರಾಗುವುದು ಫೈಬರ್ ನೀರಿನ ತೊಟ್ಟಿಗಳು, ಸ್ನಾನದ ಮನೆಯ ಬಾಗಿಲುಗಳು ಮತ್ತು ಬಸ್ಸಿನ ಮುಂಭಾಗದ ಹೊದಿಕೆಗಳು. ದೋಣಿಯ ಕೆಲಸ ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು, ಅವೂ ಕೆರೆಗಳಲ್ಲಿ ಓಡಾಡುವ ಸಣ್ಣ ದೋಣಿಗಳು. ಈ ವರ್ಷ ಫೆಬ್ರುವರಿಯ ಮೊದಲ ವಾರದಲ್ಲಿ ಬಂದದ್ದು ಮಾತ್ರ ಕಡಲ ದೋಣಿ. ಕನ್ನಂಬಾಡಿ ಹಿನ್ನೀರಿನ ಅಂಚಿನ ಹಳ್ಳಿಯೊಂದರ ಮೀನುಗಾರರ ಗುಂಪು, ಬಲೆ ಮತ್ತು ಮೀನಿನ ಕ್ರೇಟುಗಳನ್ನು ಹರಿಗೋಲಿನಲ್ಲಿ ಸಾಗಿಸುವ ಕಷ್ಟ ಸಾಕಾಗಿ, ಮಂಗಳೂರಿನ ಕಡೆಯ ಅಳಿವೆಯೊಂದರಲ್ಲಿ ಎರಡು ವರ್ಷ ಕಟ್ಟಿಹಾಕಿದ್ದಲ್ಲೇ ನಿಂತಿದ್ದ ಹದಿನೆಂಟು ಅಡಿ ಉದ್ದದ ಹಳೆಯ ಫೈಬರ್ ದೋಣಿಯನ್ನು ಎಂಜಿನ್ ಸಮೇತ ಕೊಂಡು, ಲಾರಿಯಲ್ಲಿ ಹೇರಿ, ಸಂಪಾಜೆ ಘಾಟಿ ಹತ್ತಿಸಿ, ಮಡಿಕೇರಿ ಮತ್ತು ಹುಣಸೂರಿನ ದಾರಿಯಾಗಿ ನೇರವಾಗಿ ನಮ್ಮ ಶೆಡ್ಡಿಗೆ ತಂದು ಇಳಿಸಿತು. ಅವರು ನನ್ನಿಂದ ಬಯಸಿದ್ದು ಇಷ್ಟೇ: ತಳವನ್ನು ಕೆರೆದು, ಬಿರುಕುಗಳನ್ನು ಮುಚ್ಚಿ, ಬಣ್ಣ ಹೊಡೆದು ಕೊಡಬೇಕು, ಹದಿನೈದು ದಿನದೊಳಗೆ.

ಕೆಲಸ ಮುಗಿಯಲು ಹತ್ತು ವಾರ ಹಿಡಿಯಿತು. ಅದರಲ್ಲಿ ಬಣ್ಣಕ್ಕೆ ಹಿಡಿದದ್ದು ನಾಲ್ಕು ದಿನ. ಉಳಿದ ಕಾಲವೆಲ್ಲ ಎಲ್ಲಿ ಹೋಯಿತು ಎಂಬುದನ್ನು, ಕಡಲಿನಿಂದ ಒಳನಾಡಿಗೆ ದೋಣಿ ತರುವ ಇತರರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ದಿನ

ದೋಣಿಯನ್ನು ಮಗುಚಿ ನಾಲ್ಕು ಮರದ ದಿಮ್ಮಿಗಳ ಮೇಲೆ ಕೂರಿಸಿದಾಗ ತಳದ ಬಣ್ಣ ಯಾವುದೆಂದು ಹೇಳಲು ಸಾಧ್ಯವಿರಲಿಲ್ಲ. ನೀರಿನ ಗೆರೆಯಿಂದ ಕೆಳಗೆ ಅಂಗೈಯಷ್ಟೂ ಖಾಲಿ ಜಾಗವಿರಲಿಲ್ಲ. ಬಾಯಿ ತೆರೆದ ಪುಟ್ಟ ಜ್ವಾಲಾಮುಖಿಗಳಂತೆ ಸುಣ್ಣದ ಗೂಡು ಕಟ್ಟಿ ಅಂಟಿಕೊಳ್ಳುವ ಕಡಲ ಜೀವಿಗಳಾದ ಬಾರ್ನಕಲ್‌ಗಳು ಒಂದರ ಮೇಲೊಂದು ಕುಳಿತಿದ್ದವು. ಅವುಗಳ ನಡುವೆ ಸುಣ್ಣದ ಬಿಳಿ ಕೊಳವೆಗಳನ್ನು ಕಟ್ಟಿಕೊಂಡ ಹುಳುಗಳು, ಹಿಂಬದಿಯ ಮೂಲೆಗಳಲ್ಲಿ ಕರಾವಳಿಯವರು ಪಚ್ಚಿಲೆ ಎನ್ನುವ ಜಾತಿಯನ್ನು ಹೋಲುವ ಪುಟ್ಟ ಚಿಪ್ಪುಗಳು, ಅಲ್ಲಲ್ಲಿ ಅಂಟಿಕೊಂಡೇ ಸತ್ತ ಸಿಂಪಿಗಳು ಇದ್ದವು. ವಾಸನೆ ಶೆಡ್ಡನ್ನೆಲ್ಲ ತುಂಬಿತ್ತು. ನಮ್ಮ ಹುಡುಗರು ಮೊದಲು ಮಾಡಿದ್ದು ಯಾರೇ ಆದರೂ ಮಾಡುವ ಕೆಲಸವನ್ನೇ: ಪೈಪು ಹಿಡಿದು ರಭಸವಾಗಿ ನೀರು ಬಿಟ್ಟು ತೊಳೆಯತೊಡಗಿದರು. ಆ ನೀರು ಅಂಗಳ ದಾಟಿ ರಸ್ತೆಯ ಚರಂಡಿಗೆ ಹರಿಯಿತು.

ಅದನ್ನು ನಿಲ್ಲಿಸಿದವಳು ನನ್ನ ಅಕ್ಕ. ಆಕೆ ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಊಟದ ಡಬ್ಬಿ ಕೊಡಲು ಬಂದವಳು ದೋಣಿಯ ತಳ ನೋಡಿ ಅಲ್ಲೇ ನಿಂತಳು. "ಈ ನೀರು ಎಲ್ಲಿಗೆ ಹೋಗುತ್ತಪ್ಪಾ?" ಎಂದು ಕೇಳಿದಳು. ಚರಂಡಿಗೆ ಎಂದೆ. "ಚರಂಡಿ ಎಲ್ಲಿಗೆ ಹೋಗುತ್ತೆ?" ಎಂದಳು. ಆ ಎರಡನೆಯ ಪ್ರಶ್ನೆಯನ್ನು ನಾನು ಅಲ್ಲಿಯವರೆಗೆ ಯಾವ ಕೆಲಸದಲ್ಲಿಯೂ ಕೇಳಿಕೊಂಡಿರಲಿಲ್ಲ. ಪೈಪು ಮುಚ್ಚಿಸಿದೆ. ಆಮೇಲೆ ಲಾರಿಯ ಚಾಲಕನಿಗೆ ಫೋನು ಮಾಡಿ ದಾರಿಯಲ್ಲಿ ಎಲ್ಲಿಯಾದರೂ ದೋಣಿ ತೊಳೆದಿರಾ ಎಂದು ವಿಚಾರಿಸಿದೆ. ವಾಸನೆ ತಡೆಯಲಾರದೆ ಕುಶಾಲನಗರದಲ್ಲಿ ಹೊಳೆಯ ಪಕ್ಕ ನಿಲ್ಲಿಸಿ ತೊಳೆಯಬೇಕೆಂದುಕೊಂಡಿದ್ದರಂತೆ, ಕತ್ತಲಾದ್ದರಿಂದ ಮುಂದೆ ಬಂದರಂತೆ. ಕುಶಾಲನಗರದ ಹೊಳೆ ಎಂದರೆ ಕಾವೇರಿ. ಅಲ್ಲಿಂದ ಕೆಳಗೆ ಹರಿದು ಬರುವ ನೀರು ಸೇರುವುದು ಕನ್ನಂಬಾಡಿ ಕಟ್ಟೆಗೇ.

ಅಂದು ಸಂಜೆಯೇ ದೋಣಿಯ ಕೆಳಗೆ ದಪ್ಪ ಟಾರ್ಪಾಲು ಹಾಸಿ, ಅದರ ನಾಲ್ಕೂ ಅಂಚಿಗೆ ಮರಳು ಚೀಲಗಳನ್ನಿಟ್ಟು ಅರ್ಧ ಅಡಿ ಎತ್ತರದ ಬದು ಕಟ್ಟಿದೆವು. ಒಂದು ಮೂಲೆಯನ್ನು ತಗ್ಗು ಮಾಡಿ, ಅಲ್ಲಿ ಸೇರಿದ ನೀರನ್ನು ಬಟ್ಟೆಯಲ್ಲಿ ಸೋಸಿ ಪೀಪಾಯಿಗೆ ತುಂಬುವ ವ್ಯವಸ್ಥೆ ಮಾಡಿದೆವು. ಮುಂದಿನ ಹತ್ತು ವಾರ ಆ ಬದು ಅಲ್ಲೇ ಇತ್ತು.

ಕಡಲ ಜೀವಿ ಸಿಹಿನೀರಿನಲ್ಲಿ ಬದುಕೀತೇ?

ಈ ಪ್ರಶ್ನೆಯನ್ನು ದೋಣಿಯ ಮಾಲೀಕರೂ ಕೇಳಿದರು, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಬಾರ್ನಕಲ್‌ಗಳ ಮಟ್ಟಿಗೆ ಭಯವಿಲ್ಲವೆಂದೇ ಅಕ್ಕ ಹೇಳಿದಳು. ನಮ್ಮ ಬಂದರುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಾರ್ನಕಲ್ ಅಳಿವೆಯ ಸಪ್ಪೆ ನೀರನ್ನು ಸಹಿಸಿಕೊಂಡರೂ ಉಪ್ಪೇ ಇಲ್ಲದ ಜಲಾಶಯದಲ್ಲಿ ಸಂತಾನ ಬೆಳೆಸಲಾರದು. ಆದರೆ ಚಿಪ್ಪುಗಳ ವಿಷಯ ಹಾಗಲ್ಲ. ಕಪ್ಪುಗೆರೆಯ ಚಿಪ್ಪು ಎಂದು ಹೆಸರಾದ ಮೈಟಿಲಾಪ್ಸಿಸ್ ಸಲ್ಲೇ ಎಂಬ ಜಾತಿ ಕೆರಿಬಿಯನ್ ಕಡೆಯ ಮೂಲನಿವಾಸಿ. 1960ರ ದಶಕದಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂದು, ಅನಂತರ ಮುಂಬಯಿಯಲ್ಲೂ ನೆಲೆಯೂರಿತು. ಅದು ಸಿಹಿನೀರಿಗೆ ಹತ್ತಿರವಾದ ನೀರಿನಿಂದ ಹಿಡಿದು ಕಡಲಿಗಿಂತ ಉಪ್ಪಾದ ನೀರಿನವರೆಗೆ ಬದುಕಬಲ್ಲದು. 1999ರಲ್ಲಿ ಅದು ಆಸ್ಟ್ರೇಲಿಯಾದ ಡಾರ್ವಿನ್ ನಗರದ ದೋಣಿದಾಣಗಳಲ್ಲಿ ಕಾಣಿಸಿಕೊಂಡಾಗ, ಅಲ್ಲಿನ ಆಡಳಿತ ದಾಣಗಳ ಬಾಗಿಲು ಮುಚ್ಚಿ ನೀರಿಗೇ ಕ್ಲೋರಿನ್ ಮತ್ತು ಮೈಲುತುತ್ತದಂಥ ತಾಮ್ರದ ಲವಣ ಸುರಿದು ಅದನ್ನು ನಿರ್ಮೂಲ ಮಾಡಿತು. ಆ ನೀರಿನಲ್ಲಿದ್ದ ಬೇರೆ ಜೀವಿಗಳೂ ಅದರೊಡನೆ ಸತ್ತವು. ಬಾಗಿಲು ಮುಚ್ಚಬಹುದಾದ ದಾಣವಾದ್ದರಿಂದ ಅಷ್ಟಾದರೂ ಆಯಿತು. ದಕ್ಷಿಣ ಅಮೆರಿಕದ ಮೂಲದ ಇನ್ನೊಂದು ಚಿಪ್ಪು, ಮೈಟೆಲ್ಲಾ ಸ್ಟ್ರಿಗಾಟಾ, ಈಗ ಕೇರಳದ ಅಷ್ಟಮುಡಿ ಮತ್ತು ವೇಂಬನಾಡು ಹಿನ್ನೀರುಗಳಲ್ಲಿ ದಟ್ಟವಾಗಿ ಹರಡಿ, ಅಲ್ಲಿಯ ಮೀನುಗಾರರು ಹೊಟ್ಟೆಹೊರೆಯುತ್ತಿದ್ದ ಸ್ಥಳೀಯ ಚಿಪ್ಪುಗಳ ಜಾಗವನ್ನು ಆಕ್ರಮಿಸಿಕೊಂಡಿದೆ.

ಒಳನಾಡಿಗೆ ಇದರಿಂದ ಏನು ಎಂದು ಕೇಳುವವರಿಗೆ ಎರಡು ಜಲಾಶಯಗಳನ್ನು ನೆನಪಿಸಬೇಕು. ಮೊದಲನೆಯದು ಅಮೆರಿಕದ ಮೀಡ್ ಸರೋವರ. ಅದು ಹೂವರ್ ಅಣೆಕಟ್ಟೆಯ ಹಿಂದಿನ ಜಲಾಶಯ, ಸುತ್ತ ಮರುಭೂಮಿ. ಅಲ್ಲಿಗೆ ಯಾವ ಹಡಗೂ ತೇಲಿ ಬರಲಾರದು. ಆದರೂ 2007ರ ಜನವರಿಯಲ್ಲಿ ಕ್ವಾಗಾ ಎಂಬ ಸಿಹಿನೀರಿನ ಚಿಪ್ಪು ಅಲ್ಲಿ ಕಂಡುಬಂತು. ಟ್ರೈಲರಿನ ಮೇಲೆ ರಸ್ತೆಯಲ್ಲಿ ಎಳೆದು ತಂದ ದೋಣಿಯೊಡನೆ ಬಂದಿರಬೇಕೆಂಬುದೇ ಅದಕ್ಕೆ ಸಿಕ್ಕ ವಿವರಣೆ. ಎರಡನೆಯದು ಬ್ರೆಜಿಲ್ ಮತ್ತು ಪರಾಗ್ವೆಯ ಗಡಿಯ ಇಟೈಪು. ಚೀನಾದ ಕಡೆಯ ಹೊಂಬಣ್ಣದ ಚಿಪ್ಪು 1991ರಲ್ಲಿ ದಕ್ಷಿಣ ಅಮೆರಿಕದ ಪ್ಲಾಟಾ ನದಿಯ ಅಳಿವೆಯಲ್ಲಿ ಕಾಣಿಸಿಕೊಂಡು, ಹತ್ತು ವರ್ಷದಲ್ಲಿ ನದಿಯ ಮೇಲ್ಮುಖವಾಗಿ ಸಾಗಿ ಆ ಜಲವಿದ್ಯುತ್ ಕಟ್ಟೆಯನ್ನು ತಲುಪಿತು. ಹರಿಯುವ ನೀರಿಗೆ ಎದುರಾಗಿ ಚಿಪ್ಪು ಈಜಲಾರದು. ಅದನ್ನು ಮೇಲಕ್ಕೆ ಹೊತ್ತದ್ದು ದೋಣಿಗಳ ತಳ. ಇವೆರಡೂ ಚಿಪ್ಪುಗಳು ರೇಷ್ಮೆಯಂಥ ಗಟ್ಟಿ ಎಳೆಗಳಿಂದ ಕೊಳವೆಗಳ ಒಳಗೋಡೆಗೆ ಅಂಟಿಕೊಂಡು ನೀರಿನ ದಾರಿಯನ್ನೇ ಕಟ್ಟುತ್ತವೆ. ಬೆಳಗೊಳ ಮತ್ತು ಹೊಂಗಳ್ಳಿಯ ಪಂಪುಮನೆಗಳಿಂದ ಮೈಸೂರಿಗೆ ಬರುವ ಕುಡಿಯುವ ನೀರನ್ನೂ, ವಿಶ್ವೇಶ್ವರಯ್ಯ ನಾಲೆಯಿಂದ ಮಂಡ್ಯದ ಗದ್ದೆಗಳಿಗೆ ಹೋಗುವ ನೀರನ್ನೂ ನೆನೆದರೆ, ಹದಿನೆಂಟು ಅಡಿಯ ಒಂದು ದೋಣಿಯ ಬಗ್ಗೆ ಇಷ್ಟು ಎಚ್ಚರ ಅತಿಯಾಯಿತೆಂದು ನನಗೆ ಅನ್ನಿಸಲಿಲ್ಲ.

ಕೆರೆಯುವುದು

ಕೆರೆಯುವ ಮೊದಲು ಅದು ಅಂಟಿಕೊಳ್ಳುವ ಬಗೆ ತಿಳಿದರೆ ಕೆಲಸ ಹಗುರವಾಗುತ್ತದೆ. ಶುದ್ಧವಾದ ಹಲಗೆಯೊಂದನ್ನು ಕಡಲಿಗೆ ಇಳಿಬಿಟ್ಟರೆ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಸಾವಯವ ಅಂಶಗಳ ತೆಳುಪದರ ಕೂರುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ ಮತ್ತು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಸೇರಿ ಲೋಳೆ ಕಟ್ಟುತ್ತವೆ. ಚಿಪ್ಪಿನ ಜೀವಿಗಳು ಬರುವುದು ಸಾಮಾನ್ಯವಾಗಿ ಅನಂತರ. ಬಾರ್ನಕಲ್ ಮರಿ ನೀರಿನಲ್ಲಿ ತೇಲುತ್ತ ಹಲವು ಹಂತ ಬೆಳೆದು, ಕೊನೆಯ ಹಂತದಲ್ಲಿ ಆಹಾರವನ್ನೇ ಬಿಟ್ಟು ಜಾಗ ಹುಡುಕುವುದೊಂದನ್ನೇ ಕಾಯಕ ಮಾಡಿಕೊಳ್ಳುತ್ತದೆ. ಮೀಸೆಗಳಿಂದ ಮೇಲ್ಮೈಯನ್ನು ಮುಟ್ಟಿ ಮುಟ್ಟಿ ನಡೆದು, ತನ್ನ ಜಾತಿಯವರು ಇದ್ದಲ್ಲಿಯೇ ಕುಳಿತುಕೊಳ್ಳುತ್ತದೆ, ಏಕೆಂದರೆ ಒಮ್ಮೆ ಕುಳಿತರೆ ಮತ್ತೆ ಏಳುವಂತಿಲ್ಲ, ಸಂಗಾತಿ ಕೈಗೆಟುಕುವಷ್ಟು ಹತ್ತಿರವೇ ಇರಬೇಕು. ಆಮೇಲೆ ತಲೆಯ ಕಡೆಯಿಂದ ಅಂಟು ಸುರಿಸಿ, ತಲೆಕೆಳಗಾಗಿ ನಿಂತು, ಸುತ್ತ ಸುಣ್ಣದ ಗೋಡೆ ಕಟ್ಟಿ, ಉಳಿದ ಆಯುಷ್ಯವೆಲ್ಲ ಕಾಲುಗಳನ್ನು ಬಲೆಯಂತೆ ಬೀಸಿ ಆಹಾರ ಹಿಡಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಈ ಜೀವಿಯೊಂದನ್ನೇ ಅಧ್ಯಯನ ಮಾಡಿದರು ಎಂದು ಅಕ್ಕ ಹೇಳಿದಾಗ, ಕೈಯಲ್ಲಿ ಕೆರೆಯುವ ಬ್ಲೇಡು ಹಿಡಿದಿದ್ದ ನಮ್ಮ ಹುಡುಗರು ಒಂದನ್ನು ಬಿಡಿಸಿ, ಬುಡ ಮೇಲೆ ಮಾಡಿ ಬಹಳ ಹೊತ್ತು ನೋಡಿದರು.

ಉಕ್ಕಿನ ಬ್ಲೇಡನ್ನು ನಾವು ಮೊದಲ ಗಂಟೆಯಲ್ಲೇ ಬಿಟ್ಟೆವು, ಫೈಬರಿನ ಹೊರಮೈಯ ನುಣುಪು ರಾಳದ ಪದರವಾದ ಜೆಲ್‌ಕೋಟಿನ ಮೇಲೆ ಗೀರು ಬೀಳುತ್ತಿತ್ತು. ಆ ಗೀರುಗಳೇ ಮುಂದೆ ನೀರು ಒಳಗಿಳಿಯುವ ದಾರಿಗಳಾಗುತ್ತವೆ. ಹೊನ್ನೆ ಮರದ ತುಂಡುಗಳನ್ನು ಉಳಿಯಂತೆ ಚೂಪು ಮಾಡಿಕೊಂಡು, ಬುಡದ ಅಂಚಿಗೆ ಕೊಟ್ಟು ಮೆಲ್ಲಗೆ ಬಡಿದರೆ ಗೋಡೆಗಳು ಕಳಚಿ ಬರುತ್ತಿದ್ದವು. ಗೋಡೆ ಹೋದರೂ ಬಿಳಿಯ ದುಂಡು ಬುಡ ಉಳಿಯುತ್ತದೆ, ಅದು ಸುಣ್ಣ. ಒಂದು ಪಾಲು ಆಸಿಡ್ಡನ್ನು ಹನ್ನೆರಡು ಪಾಲು ನೀರಿಗೆ ಬೆರೆಸಿ (ನೀರಿಗೆ ಆಸಿಡ್ಡು, ಎಂದೂ ಆಸಿಡ್ಡಿಗೆ ನೀರಲ್ಲ) ಕುಂಚದಿಂದ ಬುಡಗಳಿಗೆ ಮಾತ್ರ ಸವರಿದೆವು. ನೊರೆ ನಿಂತ ಕೂಡಲೇ ಅಡುಗೆ ಸೋಡಾ ಕದಡಿದ ನೀರಿನಿಂದ ಒರೆಸಿದೆವು. ಮೂರು ದಿನದ ಕೊನೆಗೆ ತೂಕ ಮಾಡಿದಾಗ ಬಿಡಿಸಿದ ಚಿಪ್ಪು, ಸುಣ್ಣ ಎಲ್ಲ ಸೇರಿ 22 ಕಿಲೋ ಇತ್ತು. ಇದು ತಳದ ಬರಿಯ ಭಾರವಲ್ಲ. ಉಬ್ಬುತಗ್ಗುಗಳ ಮೇಲೆ ನೀರು ಎಳೆಯುವ ಎಳೆತವೇ ದೊಡ್ಡದು. ಅಮೆರಿಕದ ಯುದ್ಧನೌಕೆಯ ಮಾದರಿಯೊಂದಕ್ಕೆ ಮಾಡಿದ ಲೆಕ್ಕದಲ್ಲಿ, ಚಿಪ್ಪು ದಟ್ಟವಾಗಿ ಬೆಳೆದ ತಳದೊಂದಿಗೆ 15 ನಾಟ್ ವೇಗ ಕಾಯ್ದುಕೊಳ್ಳಲು ಶುದ್ಧ ತಳಕ್ಕಿಂತ 86 ಪ್ರತಿಶತ ಹೆಚ್ಚು ಶಕ್ತಿ ಬೇಕಾಗುತ್ತದೆಂದು ಕಂಡುಬಂದಿದೆ. ಹಡಗಿನ ಮಾಲೀಕರು ತಳ ತೊಳೆಸುವುದು ಹೆಚ್ಚಾಗಿ ಈ ಇಂಧನದ ಲೆಕ್ಕಕ್ಕೇ ಹೊರತು ಪರಊರಿನ ನೀರಿನ ಮೇಲಿನ ಕಾಳಜಿಗಲ್ಲ ಎಂಬುದು ನನ್ನ ಅನಿಸಿಕೆ.

ಚಿಪ್ಪುಗಳ ಕೆಳಗೆ ಕೆಂಗಂದು ಬಣ್ಣದ ಹಳೆಯ ಪದರವಿತ್ತು, ತಾಮ್ರದ ಆಕ್ಸೈಡು ಬೆರೆತ ಬಣ್ಣದಂತೆ ಕಂಡಿತು. ಆದ್ದರಿಂದ ಒಣಗಿದ್ದನ್ನು ಉಜ್ಜಲಿಲ್ಲ. ನೀರು ಹಚ್ಚಿದ ಎಮರಿ ಕಾಗದದಿಂದ ಉಜ್ಜಿ, ಕೆಸರನ್ನು ಬದುವಿನೊಳಗೇ ಹಿಡಿದು ಒಣಗಿಸಿ, ಚಿಪ್ಪಿನ ರಾಶಿಯೊಡನೆ ಚೀಲಗಳಲ್ಲಿ ಕಟ್ಟಿ, ಕೈಗಾರಿಕೆಗಳ ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಒಪ್ಪಿಸಿದೆವು. ತೆಂಗಿನ ಬುಡಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರವೆಂದು ಒಬ್ಬರು ಕೇಳಿ ಬಂದಿದ್ದರು, ಬಣ್ಣದ ವಿಷಯ ಹೇಳಿ ಕಳುಹಿಸಬೇಕಾಯಿತು.

ಆರನೆಯ ದಿನ

ತಳ ನೋಡಲು ಚೊಕ್ಕಟವಾಗಿತ್ತು. ನಾನೂ ನೆಮ್ಮದಿಯಾಗಿದ್ದೆ. ಅಂದು ಬೆಳಿಗ್ಗೆ ದೋಣಿಯನ್ನು ನೆಟ್ಟಗೆ ತಿರುಗಿಸಿದಾಗ ಹಿಂಬದಿಯ ಅಡ್ಡಹಲಗೆಯ ಮೂಲೆಯಿಂದ ಕಂದು ನೀರು ತೊಟ್ಟಿಕ್ಕತೊಡಗಿತು. ಆ ಮೂಲೆಯಲ್ಲಿ ದೋಣಿ ಮುಳುಗದಂತೆ ತೇಲಿಸಲೆಂದು ಮಾಡಿದ ಮುಚ್ಚಿದ ಅರೆಯಿದೆ, ಅದರೊಳಗೆ ಹಳದಿ ಫೋಮು ತುಂಬಿರುತ್ತಾರೆ. ಬಿರಡೆ ತೆಗೆದು ಟಾರ್ಚು ಹಾಕಿದರೆ ಒಳಗೆ ಎರಡು ಬೆರಳಷ್ಟು ನೀರು ನಿಂತಿತ್ತು. ಆ ನೀರಿನಲ್ಲಿ, ಬಿರಡೆಯ ತೂತಿನ ಒಳಬದಿಯ ಅಂಚಿಗೆ, ಉಗುರಿನಷ್ಟು ಉದ್ದದ ಚಿಪ್ಪುಗಳು ಗೊಂಚಲಾಗಿ ಅಂಟಿಕೊಂಡಿದ್ದವು. ಒಂದು ಸ್ವಲ್ಪ ಬಾಯಿ ತೆರೆದಿತ್ತು. ಕಡ್ಡಿಯಿಂದ ಮುಟ್ಟಿದೆ. ಮುಚ್ಚಿಕೊಂಡಿತು.

ಅಳಿವೆಯಿಂದ ಹೊರಬಂದು ಒಂದು ವಾರ, ಘಾಟಿ ಹತ್ತಿ 250 ಕಿಲೋಮೀಟರ್ ಲಾರಿ ಪ್ರಯಾಣ, ನಮ್ಮ ಶೆಡ್ಡಿನ ಬಿಸಿಲು, ಇಷ್ಟನ್ನೂ ದಾಟಿ ಅದು ಬದುಕಿತ್ತು. ನಾವು ಮೂರು ದಿನ ಬೆವರು ಸುರಿಸಿ ಬಿಡಿಸಿದ ಬಾರ್ನಕಲ್‌ಗಳು ಆ ಹೊತ್ತಿಗೆ ಬಹುಪಾಲು ಸತ್ತಿದ್ದವು, ಜಲಾಶಯಕ್ಕೆ ಇಳಿದಿದ್ದರೂ ಉಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣುವ ಜಾಗವನ್ನು ತೊಳೆದು, ಕಾಣದ ಜಾಗದಲ್ಲಿದ್ದುದನ್ನು ಜೀವಂತವಾಗಿ ಕನ್ನಂಬಾಡಿಗೆ ಒಪ್ಪಿಸುವ ಅಂಚಿನಲ್ಲಿ ನಾನಿದ್ದೆ. ಗುತ್ತಿಗೆಯ ಪ್ರಕಾರ ಹದಿನೈದು ದಿನದಲ್ಲಿ ಬಣ್ಣ ಹೊಡೆದು ಕಳುಹಿಸಿದ್ದರೆ ಆಗುತ್ತಿದ್ದುದು ಅದೇ.

ಅಕ್ಕ ಆ ಗೊಂಚಲನ್ನು ಬಿಡಿಸಿ ಬಿಸಿನೀರಿಗೆ ಹಾಕಿ, ಇಪ್ಪತ್ತೇಳು ಚಿಪ್ಪುಗಳನ್ನೂ ಒಂದೊಂದಾಗಿ ತೆರೆದು ಭೂತಗನ್ನಡಿಯಲ್ಲಿ ನೋಡಿದಳು. ಕಪ್ಪುಗೆರೆಯ ಚಿಪ್ಪಿನ ಗುರುತು ಒಳಗಿರುತ್ತದೆ: ಚೂಪಾದ ಮೂತಿಯೊಳಗೆ, ಹಳೆಯ ಮನೆಯ ಅಟ್ಟದಂತೆ, ಪುಟ್ಟದೊಂದು ಅಡ್ಡಹಲಗೆ. ಪಚ್ಚಿಲೆಯ ಬಳಗದ ಚಿಪ್ಪುಗಳಲ್ಲಿ ಆ ಹಲಗೆ ಇರುವುದಿಲ್ಲ. ಇಪ್ಪತ್ತೇಳರಲ್ಲಿ ಒಂದರಲ್ಲಿಯೂ ಅದು ಕಾಣಲಿಲ್ಲ. ನಿಟ್ಟುಸಿರು ಬಿಟ್ಟೆ. "ಈ ಸಲ ಇರಲಿಲ್ಲ, ಅಷ್ಟೇ. ಇದ್ದಿದ್ದರೆ ಏನು ಮಾಡ್ತಿದ್ದೆಯೋ ಅದನ್ನೇ ಮಾಡು" ಎಂದಳು ಅಕ್ಕ. ಅಂದಿನಿಂದ ನಮ್ಮ ಕೆಲಸದ ಪಟ್ಟಿ ಬದಲಾಯಿತು.

ಕಾಣದ ಜಾಗಗಳು

ದೊಡ್ಡ ಹಡಗುಗಳಲ್ಲಿಯೂ ತೊಂದರೆಯ ಬೇರು ಇರುವುದು ಇಂಥ ಮೂಲೆಗಳಲ್ಲಿಯೇ. ವಿಶಾಲವಾದ ತಳಕ್ಕೆ ಒಳ್ಳೆಯ ಬಣ್ಣವಿರುತ್ತದೆ, ಹಡಗು ಓಡುವಾಗ ನೀರಿನ ರಭಸವೂ ಕಿತ್ತುಹಾಕುತ್ತದೆ. ಎಂಜಿನ್ ತಣಿಸಲು ನೀರು ಒಳಗೆಳೆಯುವ ಪೆಟ್ಟಿಗೆಗಳು, ಚುಕ್ಕಾಣಿಯ ಕೀಲು, ಮೂತಿಯ ಅಡ್ಡ ಪ್ರೊಪೆಲ್ಲರಿನ ಸುರಂಗ, ಜಾಲರಿಗಳ ಹಿಂಭಾಗ, ಇಲ್ಲೆಲ್ಲ ನೀರಿನ ವೇಗ ಕಡಿಮೆ, ಬಣ್ಣವೂ ಸರಿಯಾಗಿ ಕೂರುವುದಿಲ್ಲ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2011ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ತಳಬೆಳವಣಿಗೆಯ ಮಾರ್ಗಸೂಚಿಗಳು ಈ ಜಾಗಗಳ ಮೇಲೆ ವಿಶೇಷವಾಗಿ ಕಣ್ಣಿಡುವಂತೆ ಹೇಳುತ್ತವೆ. ಹಡಗಿನ ಹೊಟ್ಟೆಯಲ್ಲಿ ಸಮತೋಲನಕ್ಕೆ ತುಂಬುವ ನೀರಿನ ಬಗ್ಗೆ 2004ರಲ್ಲಿ ಒಪ್ಪಂದವಾಗಿ 2017ರಲ್ಲಿ ಜಾರಿಗೂ ಬಂತು, ಆದರೆ ತಳಕ್ಕೆ ಅಂಟಿ ಬರುವ ಜೀವಿಗಳ ಬಗ್ಗೆ ಜಗತ್ತಿನ ಮಟ್ಟದಲ್ಲಿ ಇರುವುದು ಈ ಮಾರ್ಗಸೂಚಿ ಮಾತ್ರ. ನ್ಯೂಜಿಲೆಂಡ್ 2018ರಿಂದ ಶುದ್ಧ ತಳವನ್ನು ಕಡ್ಡಾಯ ಮಾಡಿದೆ. ದ್ವೀಪರಾಷ್ಟ್ರಕ್ಕೆ ಅದರ ಬೆಲೆ ಗೊತ್ತು.

ನಮ್ಮ ದೋಣಿಯ ಕಾಣದ ಜಾಗಗಳನ್ನು ಒಂದೊಂದಾಗಿ ತೆರೆದೆವು. ತೇಲುವ ಅರೆಯ ಮೇಲ್ಹಲಗೆಯನ್ನು ಗ್ರೈಂಡರಿನಿಂದ ಕತ್ತರಿಸಿ ಫೋಮನ್ನೆಲ್ಲ ಹೊರತೆಗೆದೆವು. ಒಣ ಫೋಮು ಹತ್ತಿಯಂತೆ ಹಗುರವಿರಬೇಕು. ಇದು ನೆನೆದ ಇಟ್ಟಿಗೆಯಂತೆ ಭಾರವಾಗಿತ್ತು, ಹಿಂಡಿದರೆ ಉಪ್ಪುನೀರು ಇಳಿಯುತ್ತಿತ್ತು. ನೀರು ಕುಡಿದ ಫೋಮನ್ನು ಒಣಗಿಸುವ ಪ್ರಯತ್ನ ವ್ಯರ್ಥ. ಅದರ ಬದಲು ಬಿಗಿಯಾದ ಮುಚ್ಚಳವಿರುವ ಇಪ್ಪತ್ತು ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನು, ಮುಚ್ಚಳಕ್ಕೆ ಸೀಲಂಟು ಹಚ್ಚಿ, ಹಿಂದೆ ಎಂಟು, ಮುಂದೆ ನಾಲ್ಕು ಕೂರಿಸಿ ಪಟ್ಟಿಯಿಂದ ಬಿಗಿದೆವು. ಲೀಟರಿಗೆ ಒಂದು ಕಿಲೋ ತೇಲುವ ಬಲವೆಂದರೆ ಒಟ್ಟು 240 ಕಿಲೋ ಆಯಿತು. ಮೇಲ್ಹಲಗೆಯನ್ನು ಅಂಟಿಸದೆ, ಸ್ಕ್ರೂ ಬಿಚ್ಚಿ ತೆಗೆಯುವಂತೆ ಮಾಡಿದೆವು. ಯಾರು ಬೇಕಾದರೂ ತೆರೆದು ನೋಡಿ ಒರೆಸಬಹುದು.

ಬದಿಯ ಉದ್ದಕ್ಕೂ ಇದ್ದ ರಬ್ಬರು ಪಟ್ಟಿಯ ಹಿಂದೆ ಒದ್ದೆ ಮಣ್ಣು, ಅದರಲ್ಲಿ ಸಣ್ಣ ಹುಳುಗಳು ಇದ್ದವು. ಪಟ್ಟಿಯನ್ನು ತೆಗೆದು ಮತ್ತೆ ಹಾಕಲಿಲ್ಲ. ತೆಂಗಿನ ನಾರಿನ ಹಗ್ಗದ ಸುರುಳಿಯ ನಡುವೆ ಇನ್ನೂ ತೇವವಿತ್ತು, ಅದನ್ನು ಸುಟ್ಟೆವು. ಎಂಜಿನ್ನಿನ ನೀರೆಳೆಯುವ ಜಾಲರಿಯ ಹಿಂದೆ ಸಾಸಿವೆ ಕಾಳಿನಷ್ಟು ಚಿಕ್ಕ ಬಾರ್ನಕಲ್‌ಗಳೂ, ನೀರು ಪಂಪಿನ ಮನೆಯಲ್ಲಿ ಮರಳು ಮತ್ತು ಚಿಪ್ಪಿನ ಚೂರುಗಳೂ ಸಿಕ್ಕವು. ನೀರನ್ನು ತಳ್ಳುವ ರಬ್ಬರಿನ ಚಕ್ರ (ಇಂಪೆಲ್ಲರ್) ಸವೆದುಹೋಗಿತ್ತು, ಹೊಸದು ಹಾಕಿದೆವು. ಎಂಜಿನ್ ಓಡಿಸದೆ, ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿ, 60 ಡಿಗ್ರಿಯ ಬಿಸಿನೀರನ್ನು ತಣಿಸುವ ಕೊಳವೆಗಳಲ್ಲಿ ಕಾಲು ಗಂಟೆ ಹರಿಯಬಿಟ್ಟೆವು. ಚಿಪ್ಪುಗಳ ಮೇಲೆ 60 ಡಿಗ್ರಿಯ ನೀರು ಹತ್ತು ಸೆಕೆಂಡು ತಾಗಿದರೂ ಸಾಕೆನ್ನುತ್ತಾರೆ. ಆದರೆ ತಣ್ಣನೆಯ ಲೋಹದ ಒಳಗೆ ಹೋಗುವ ನೀರು ಮೂಲೆ ತಲುಪುವ ಹೊತ್ತಿಗೆ ಆರಿರುತ್ತದೆ. ಆದ್ದರಿಂದ ಹೊರಬರುವ ತುದಿಯಲ್ಲಿ ಥರ್ಮಾಮೀಟರು ಹಿಡಿದು, ಅಲ್ಲಿ 60 ಕಂಡ ಮೇಲೆ ಗಡಿಯಾರ ನೋಡಿದೆವು.

ಗುಳ್ಳೆಗಳು ಮತ್ತು ಒಣಗಿಸುವ ತಾಳ್ಮೆ

ಬಣ್ಣ ಹೋದ ಮೇಲೆ ತಳದಲ್ಲಿ ನಾಲ್ಕಾಣೆಯಷ್ಟು ಅಗಲದ ಗುಳ್ಳೆಗಳು ಕಂಡವು, ಎಣಿಸಿದಾಗ ನಲವತ್ತಮೂರು. ಚುಚ್ಚಿದರೆ ಹುಳಿವಾಸನೆಯ ದ್ರವ ಹೊರಬಂತು. ಜೆಲ್‌ಕೋಟ್ ಪೂರ್ಣ ಜಲನಿರೋಧಕವಲ್ಲ. ವರ್ಷಗಟ್ಟಲೆ ನೀರಿನಲ್ಲಿ ನಿಂತಾಗ ತೇವ ಒಳಗಿಳಿದು, ರಾಳದಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ಅಂಶಗಳನ್ನು ಕರಗಿಸುತ್ತದೆ. ಆ ಗಟ್ಟಿ ದ್ರಾವಣ ಇನ್ನಷ್ಟು ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಗುಳ್ಳೆಗಳನ್ನೆಲ್ಲ ಗ್ರೈಂಡರಿನಿಂದ ತಟ್ಟೆಯಾಕಾರಕ್ಕೆ ತೆರೆದು, ಒಂದು ವಾರ ಪ್ರತಿದಿನ ಬಿಸಿನೀರಿನಿಂದ ತೊಳೆದೆವು. ಆಮ್ಲದ ಅಂಶ ಉಳಿದರೆ ಗುಳ್ಳೆ ಮತ್ತೆ ಏಳುತ್ತದೆ.

ಅನಂತರದ್ದು ಒಣಗಿಸುವ ಕೆಲಸ. ಇದಕ್ಕೆ ಯಂತ್ರ ಬೇಡ. ಒಂದು ಅಡಿ ಚದರದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ತಳದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಬಿಗಿದು ಬಿಸಿಲಿಗೆ ಬಿಟ್ಟರೆ, ತೇವವಿದ್ದಲ್ಲಿ ಹಾಳೆಯ ಒಳಮೈಯಲ್ಲಿ ಹನಿ ಕಟ್ಟುತ್ತದೆ. ಇಂಥ ಎಂಟು ಹಾಳೆಗಳನ್ನು ಅಂಟಿಸಿದೆವು. ಹತ್ತನೆಯ ದಿನ ಹನಿಗಳು ಸಾಲುಗಟ್ಟಿ ನಿಂತಿದ್ದವು. ಹತ್ತೊಂಬತ್ತನೆಯ ದಿನ ಮಂಜು ಕವಿದಂತಿತ್ತು. ಇಲ್ಲಿ ನಾನು ತಾಳ್ಮೆಗೆಟ್ಟು ತಪ್ಪು ಮಾಡಿದೆ. ಮಾಲೀಕರ ಒತ್ತಾಯವಿತ್ತು, ಎಡಬದಿ ಹೆಚ್ಚುಕಡಿಮೆ ಒಣಗಿದಂತೆ ಕಂಡಿತು, ಮಾರ್ಚಿನ ಕೊನೆಯ ಒಂದು ಸಂಜೆ ಆ ಬದಿಯ ಆರು ಗುಂಡಿಗಳನ್ನು ತುಂಬಿದೆ. ರಾತ್ರಿ ಗುಡುಗಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ತುಂಬಿದ್ದು ಹಾಲಿನಂತೆ ಬೆಳ್ಳಗಾಗಿ, ಉಗುರಿನಿಂದ ಎಬ್ಬಿದರೆ ಬಿಲ್ಲೆಯಂತೆ ಏಳುತ್ತಿತ್ತು. ಆರನ್ನೂ ತೆಗೆದು ಮತ್ತೆ ತೊಳೆದು ಮೊದಲಿನಿಂದ ಒಣಗಿಸಿದೆ. ಮೂವತ್ತೊಂದನೆಯ ದಿನ ಎಂಟೂ ಹಾಳೆಗಳು ಒಣಗಿದ್ದವು.

ತುಂಬಲು ಪಾಲಿಯೆಸ್ಟರ್ ರಾಳದ ಬದಲು ಎಪಾಕ್ಸಿ ಬಳಸಿದೆವು. ಎಪಾಕ್ಸಿ ಹಳೆಯ ಪಾಲಿಯೆಸ್ಟರಿನ ಮೇಲೆ ಬಿಗಿಯಾಗಿ ಕೂರುತ್ತದೆ, ನೀರನ್ನೂ ಚೆನ್ನಾಗಿ ತಡೆಯುತ್ತದೆ. ಆಳವಿಲ್ಲದ ಗುಂಡಿಗಳಿಗೆ ಸಿಲಿಕಾ ಪುಡಿ ಬೆರೆಸಿದ ಲೇಪ, ಬಟ್ಟೆಯ ಪದರವೇ ಕೊಳೆತಿದ್ದ ಏಳು ಗುಂಡಿಗಳಿಗೆ ಅಂಚನ್ನು ಆಳದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರು ಮಾಡಿ ಗಾಜಿನ ಬಟ್ಟೆಯ ತುಂಡುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆವು. ಆಮೇಲೆ ಇಡೀ ತಳಕ್ಕೆ ಐದು ಬಾರಿ ಎಪಾಕ್ಸಿ ಬಳಿದು ಸುಮಾರು 300 ಮೈಕ್ರಾನ್ ದಪ್ಪದ ತಡೆಗೋಡೆ ಮಾಡಿದೆವು. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂತೆ ಜಿಗುಟು ಪದರ ಏಳುತ್ತದೆ, ಉಜ್ಜುವ ಮೊದಲು ಅದನ್ನು ಬರಿ ನೀರು ಮತ್ತು ಒರಟು ಬಟ್ಟೆಯಿಂದ ತೊಳೆಯಬೇಕು.

ಯಾವ ಬಣ್ಣ?

ಮಾಲೀಕರ ಮನಸ್ಸಿನಲ್ಲಿ ಕಡಲ ದೋಣಿಗೆ ಬಳಿಯುವ ತಾಮ್ರದ ಬಣ್ಣವಿತ್ತು. ತಾಮ್ರ ಹಳೆಯ ಮದ್ದು. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ಪರೀಕ್ಷಿಸಿತು. ಹುಳು ಕೊರೆಯಲಿಲ್ಲ, ಚಿಪ್ಪು ಕೂರಲಿಲ್ಲ, ಆದರೆ ತಾಮ್ರ ತಾಗಿದ ಕಬ್ಬಿಣದ ಮೊಳೆಗಳು ಕಡಲ ನೀರಿನಲ್ಲಿ ಕರಗಿಹೋದವು. ಇಪ್ಪತ್ತನೆಯ ಶತಮಾನದಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಬಂತು, ತಳ ವರ್ಷಗಟ್ಟಲೆ ನುಣುಪಾಗಿ ಉಳಿಯಿತು. ಅದು ನೀರಿಗೆ ಸೋರಿ ಫ್ರಾನ್ಸಿನ ಅರ್ಕಶಾನ್ ಕೊಲ್ಲಿಯ ಸಿಂಪಿಗಳ ಚಿಪ್ಪನ್ನು ವಿಕಾರವಾಗಿ ದಪ್ಪಗೊಳಿಸಿ, ಅಲ್ಲಿನ ಸಿಂಪಿ ಸಾಕಣೆಯನ್ನೇ ನೆಲಕಚ್ಚಿಸಿತು. ಹೆಣ್ಣು ಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆಯುವಂತೆ ಮಾಡಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು, ಅದಕ್ಕೆ ಸೇರಿದ ದೇಶಗಳ ಹಡಗುಗಳಿಗೆ ಅದು ನಿಷಿದ್ಧವಾಯಿತು. ತಳವನ್ನು ಕಾಯುವ ಮದ್ದು ನೀರನ್ನು ಕೊಲ್ಲುವ ವಿಷವೂ ಆಗಬಹುದು ಎಂಬುದನ್ನು ತಿಳಿಯಲು ಜಗತ್ತಿಗೆ ಇಷ್ಟು ಕಾಲ ಬೇಕಾಯಿತು.

ಲಕ್ಷಗಟ್ಟಲೆ ಜನ ಕುಡಿಯುವ ಜಲಾಶಯಕ್ಕೆ ತಾಮ್ರ ಸೋರುವ ಬಣ್ಣ ಬೇಡವೆಂದು ನಾನು ಖಂಡಿತವಾಗಿ ಹೇಳಿದೆ. ಅದರ ಅಗತ್ಯವೂ ಇರಲಿಲ್ಲ. ವಾರಕ್ಕೊಮ್ಮೆ ದಡಕ್ಕೆಳೆದು ಎರಡು ದಿನ ಒಣಗಿಸುವ ದೋಣಿಯ ನುಣುಪಾದ ತಳದ ಮೇಲೆ ಹಸಿರು ಲೋಳೆಗಿಂತ ಹೆಚ್ಚಿನದು ನಿಲ್ಲುವುದಿಲ್ಲ. ಆದ್ದರಿಂದ ನೀರಿನ ಗೆರೆಯ ಕೆಳಗೆ ಬೂದುಬಣ್ಣ ಬೆರೆಸಿದ ಎಪಾಕ್ಸಿಯನ್ನೇ ಕೊನೆಯ ಪದರವಾಗಿ ಬಿಟ್ಟು, ಮೇಲ್ಭಾಗಕ್ಕೆ ಮಾತ್ರ ಪಾಲಿಯುರಿಥೇನ್ ಬಣ್ಣ ಬಳಿದೆವು. ಬಿಸಿಲಿಗೆ ಎಪಾಕ್ಸಿ ನಿಧಾನವಾಗಿ ಸುಣ್ಣದಂತೆ ಪುಡಿಯಾಗುತ್ತದೆ. ಕೆಲವು ವರ್ಷಕ್ಕೊಮ್ಮೆ ಉಜ್ಜಿ ಇನ್ನೊಂದು ಪದರ ಬಳಿದುಕೊಳ್ಳಲಿ ಎಂದು ಒಪ್ಪಿಸಿದೆ.

ದಿಮ್ಮಿಗಳ ಕೆಳಗೆ

ಬಣ್ಣ ಮುಗಿದ ಮೇಲೆ ಉಳಿದದ್ದು ನಾಲ್ಕು ಚೌಕಗಳು. ತಳದ ಏಣಿನ ಕೆಳಗೆ ದಿಮ್ಮಿಗಳು ತಾಗಿದ್ದಲ್ಲಿ ಎಪಾಕ್ಸಿ ತಲುಪಿರಲಿಲ್ಲ. ದೊಡ್ಡ ಹಡಗುಗಳಿಗೂ ಇದೇ ಗತಿ: ನೀರು ಬಸಿದು ದುರಸ್ತಿ ಮಾಡುವ ಕಟ್ಟೆಯಾದ ಡ್ರೈ ಡಾಕಿನಲ್ಲಿ ಹಡಗು ಸಾಲು ದಿಮ್ಮಿಗಳ ಮೇಲೆ ಕೂರುತ್ತದೆ, ಅವುಗಳ ಕೆಳಗಿನ ಜಾಗಕ್ಕೆ ಬಣ್ಣ ಬೀಳುವುದಿಲ್ಲ, ಮುಂದಿನ ಸಲ ದಿಮ್ಮಿಗಳ ಜಾಗ ಬದಲಿಸದಿದ್ದರೆ ಆ ಪಟ್ಟಿಗಳು ಹಲವು ವರ್ಷ ಬರಿಮೈಯಲ್ಲೇ ಕಡಲಿನಲ್ಲಿ ಓಡಾಡುತ್ತವೆ, ಚಿಪ್ಪುಗಳೂ ಅಲ್ಲಿಯೇ ಸೇರುತ್ತವೆ. ನಾವು ದೋಣಿಯನ್ನು ಎತ್ತಿ, ದಿಮ್ಮಿಗಳನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿ, ಆ ಚೌಕಗಳಿಗೂ ಐದೂ ಪದರ ಬಳಿದೆವು. ಐದು ದಿನ ಹೆಚ್ಚು ಹಿಡಿಯಿತು.

ಏಪ್ರಿಲ್ ಮೂರನೆಯ ವಾರ ದೋಣಿ ಹಿನ್ನೀರಿಗೆ ಇಳಿಯಿತು. ಇಳಿಸುವ ಮುನ್ನ ಮೀನುಗಾರರ ಜೊತೆ ಕುಳಿತು ಒಂದು ಮಾತು ಒಪ್ಪಿಸಿಕೊಂಡೆವು: ಈ ದೋಣಿಯನ್ನು ಕಬಿನಿಗೋ ಬೇರೆ ಕೆರೆಗೋ ಒಯ್ಯುವುದಾದರೆ ಬಿರಡೆ ತೆಗೆದು, ಅರೆಯ ಹಲಗೆ ಬಿಚ್ಚಿ, ಹಗ್ಗ ಬಲೆಗಳ ಸಮೇತ ಒಂದು ವಾರ ಬಿಸಿಲಿಗೆ ಒಣಗಿಸಿಯೇ ಒಯ್ಯಬೇಕು. ಇದನ್ನು ಹೇಳಿ ಒಪ್ಪಿಸಬೇಕಾದ ಅಗತ್ಯವೇ ಬೀಳಲಿಲ್ಲ. ಅವರಲ್ಲಿ ಹಿರಿಯರೊಬ್ಬರು, "ಅಂತರಗಂಗೆ ಬಂದು ನಮ್ಮ ಬಲೆ ಬಿಡೋ ಜಾಗ ಮುಚ್ಚಿದ್ದು ನೋಡಿಲ್ವಾ ಸ್ವಾಮಿ, ಅದೂ ಎಲ್ಲಿಂದಲೋ ಬಂದದ್ದೇ ಅಲ್ವಾ" ಎಂದರು. ದಕ್ಷಿಣ ಅಮೆರಿಕದಿಂದ ಬಂದದ್ದು ಎಂದೆ. ಬಿಳಿಮೀನಿನ ಮಾತೂ ಬಂತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲೆಲ್ಲಿಯೂ ಇಲ್ಲದ ಆ ಡುಬ್ಬದ ಮಹಶೀರ್, ಬೇರೆ ನದಿಯ ಮಹಶೀರನ್ನು ಇಲ್ಲಿ ಬಿಟ್ಟ ಮೇಲೆ ಅಳಿವಿನ ಅಂಚಿಗೆ ಬಂದು ನಿಂತಿದೆ.

ಒಂದು ತಿಂಗಳ ನಂತರ ಹೋಗಿ ನೋಡಿದೆ. ದೋಣಿಯನ್ನು ದಡಕ್ಕೆ ಎಳೆದು ಮಗುಚಿದ್ದರು. ತಳದಲ್ಲಿ ಬೆರಳಿಗೆ ಜಾರುವಷ್ಟು ಹಸಿರು ಲೋಳೆ, ಬಟ್ಟೆಯಿಂದ ಒರೆಸಿದರೆ ಹೋಗುವಂಥದ್ದು. ಗುಳ್ಳೆ ತುಂಬಿದ ಜಾಗಗಳಲ್ಲಿ ಒಂದೂ ಎದ್ದಿರಲಿಲ್ಲ. ಅರೆಯ ಹಲಗೆಯ ಸ್ಕ್ರೂಗಳ ತಲೆ ಹೊಳೆಯುತ್ತಿದ್ದವು, ಅಂದರೆ ಯಾರೋ ತೆರೆಯುತ್ತಿದ್ದಾರೆ. ಲಂಗರಿನ ಹಗ್ಗದಲ್ಲಿ ಮಾತ್ರ, ಗಂಟು ಹಾಕಿದ ಕಡೆ, ನಾಲ್ಕು ಸಣ್ಣ ಬಸವನಹುಳುಗಳು ಮತ್ತು ಜೊಂಡಿನ ಒಂದು ಎಳೆ ಸಿಕ್ಕಿಕೊಂಡಿದ್ದವು. ಗಂಟು ಬಿಚ್ಚಿ, ಹಗ್ಗವನ್ನು ಹೊಂಗೆ ಮರದ ಕೊಂಬೆಗೆ ಉದ್ದಕ್ಕೆ ಹರಡಿ ಬಂದೆ.